ಯಶವಂತಪುರ–ಮಂಗಳೂರು ಹಗಲು ರೈಲು: ಶಿರಾಡಿಗೆ ಇನ್ನೊಂದು ಹೆದ್ದಾರಿ ಕೇಳುವ ಮೊದಲು ಒಮ್ಮೆ ಇದರಲ್ಲಿ ಹೋಗಿ ಬನ್ನಿ

ರಾತ್ರಿ ಬಸ್ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಪುತ್ತೂರು, ಅದು ಬಿಟ್ಟು ಇಡೀ ಹಗಲು ರೈಲಿನಲ್ಲಿ ಕೂತು ಯಾಕೆ ಬರ್ತೀಯ ಅಂತ ಭಾವ ಫೋನಿನಲ್ಲೇ ಕೇಳಿದರು. ದೀಪಾವಳಿಗೆ ಊರಿಗೆ ಹೋಗುವ ಮಾತು. ಹದಿನಾಲ್ಕು ವರ್ಷ ನಾನೂ ಹಾಗೇ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದವಳು. ಆದರೆ 2024ರ ಮಳೆಗಾಲ ಆದ ಮೇಲೆ ಮನಸ್ಸು ಬರಲಿಲ್ಲ.

ಜುಲೈ ಕೊನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದಿತ್ತು. ರೈಲು ಆಗಲೇ ನಿಂತಿತ್ತು. 26ನೇ ತಾರೀಕು ಘಾಟಿಯ ಎಡಕುಮೇರಿ ಮತ್ತು ಕಡಗರವಳ್ಳಿ ಸ್ಟೇಷನ್ ನಡುವೆ ಹಳಿಯ ಬುಡದ ಮಣ್ಣೇ ಜಾರಿ ಹೋಗಿತ್ತು. 30ರ ರಾತ್ರಿ ಸಿಕ್ಕಿದ ಬಸ್ ಹತ್ತಿದೆ. ಸಕಲೇಶಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮುಂದೆ ಕಣ್ಣು ಹಾಯಿಸಿದಷ್ಟು ದೂರ ಲಾರಿಗಳ ಕೆಂಪು ಲೈಟು. ದೊಡ್ಡತಪ್ಲುವಿನಲ್ಲಿ ಗುಡ್ಡ ರಸ್ತೆಗೆ ಇಳಿದಿದೆ ಅಂತ ಡ್ರೈವರ್ ಅಣ್ಣ ಇಂಜಿನ್ ಆಫ್ ಮಾಡಿದರು. ಅವತ್ತು ಬೆಳಿಗ್ಗೆಯಿಂದ ಮೊಬೈಲಿನಲ್ಲಿ ವಯನಾಡಿನ ಗುಡ್ಡ ಕುಸಿತದ ಸುದ್ದಿಯೇ ಬರುತ್ತಿತ್ತು. ಅದಕ್ಕೆ ಎರಡು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ, ಚಹಾ ಅಂಗಡಿ ಸಮೇತ ಗಂಗಾವಳಿ ನದಿಗೆ ಹೋಗಿತ್ತು. ಬಸ್ಸಿನಲ್ಲಿ ಯಾರೂ ಮಲಗಲಿಲ್ಲ. ಹಿಂದಿನ ಸೀಟಿನ ಒಬ್ಬರು ಅಜ್ಜ ಐದು ನಿಮಿಷಕ್ಕೊಮ್ಮೆ ಕಿಟಕಿಯ ಗಾಜು ಒರೆಸಿ ಮೇಲಿನ ಗುಡ್ಡ ನೋಡುತ್ತಿದ್ದರು. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದರು. ಬಸ್ ವಾಪಸ್ ಸಕಲೇಶಪುರಕ್ಕೆ ಬಂತು, ಬೆಳಗಿನವರೆಗೆ ಅಲ್ಲೇ, ಆಮೇಲೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಸುತ್ತಿಕೊಂಡು ಮರುದಿನ ಮಧ್ಯಾಹ್ನಕ್ಕೆ ಮನೆ ಸೇರಿದೆ. ಅಮ್ಮ ಅಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದರು. ಆಗದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದು ಇವತ್ತಿಗೂ ತಲೆಯಿಂದ ಹೋಗಿಲ್ಲ.

ಆದ್ದರಿಂದ ಇದು ರೈಲಿನ ವಿಮರ್ಶೆಯೂ ಹೌದು, ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ ಘಾಟಿಗೆ ಹೊಸ ದೊಡ್ಡ ರಸ್ತೆ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ನನ್ನ ಮಾತೂ ಹೌದು. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ.

ಮೊದಲು ರೈಲು. ಬೆಳಿಗ್ಗೆ ಏಳರ ಹೊತ್ತಿಗೆ ಯಶವಂತಪುರದಿಂದ ಹೊರಡುತ್ತದೆ. ವಾರದ ಬೇರೆ ಬೇರೆ ದಿನ ಬೇರೆ ಬೇರೆ ನಂಬರಿನ ಗಾಡಿ, ಕೆಲವು ಮಂಗಳೂರಿಗೇ ನಿಲ್ಲುತ್ತವೆ, ಒಂದು ಕಾರವಾರದವರೆಗೆ ಹೋಗುತ್ತದೆ, ಹಾಗಾಗಿ ಬುಕ್ ಮಾಡುವಾಗ ದಿನ ಸರಿಯಾಗಿ ನೋಡಿಕೊಳ್ಳಿ. ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣ ಆಗಿ ಹಾಸನ. ಈ ಲೈನು 2017ರಲ್ಲಿ ಆಗಿದ್ದು, ಮೊದಲೆಲ್ಲ ಮೈಸೂರು ಅಥವಾ ಅರಸೀಕೆರೆ ಸುತ್ತಬೇಕಿತ್ತು. ಹಾಸನದವರೆಗೆ ಸಲೀಸಾಗಿ ಓಡುತ್ತದೆ. ಬೆಳಗಿನ ತಿಂಡಿಗೆ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ, ನೀವೂ ಹಾಗೇ ಮಾಡಿ.

ವಿಸ್ಟಾಡೋಮ್ ಬೋಗಿ ಬಗ್ಗೆ ಎಲ್ಲರೂ ಕೇಳುತ್ತಾರೆ. 2021ರ ಜುಲೈಯಲ್ಲಿ ಈ ರೈಲುಗಳಿಗೆ ಸೇರಿಸಿದರು. ದೊಡ್ಡ ಗಾಜಿನ ಕಿಟಕಿ, ಮೇಲೂ ಗಾಜು, ತಿರುಗುವ ಸೀಟು, ಒಂದು ಬೋಗಿಗೆ 44 ಜನ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಒಳ್ಳೆಯದು, ಆದರೆ ಸಾವಿರ ರೂಪಾಯಿಗೂ ಜಾಸ್ತಿ ಆಗುತ್ತದೆ ಮತ್ತು ಕಿಟಕಿ ತೆಗೆಯಲು ಆಗುವುದಿಲ್ಲ. ನಾನು ಸಾದಾ ಸೆಕೆಂಡ್ ಸಿಟ್ಟಿಂಗ್ ತೆಗೆದುಕೊಂಡೆ. ನನ್ನ ಕೇಳಿದರೆ ಅದೇ ಒಳ್ಳೆಯದು. ಘಾಟಿಯನ್ನು ನೋಡಿದರೆ ಸಾಲದು, ಅದರ ಗಾಳಿ ಮುಖಕ್ಕೆ ತಾಗಬೇಕು.

ಸಕಲೇಶಪುರದಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಘಾಟಿ ಇಳಿಯುವ ಮೊದಲು ಬ್ರೇಕು ಎಲ್ಲ ನೋಡಿಕೊಳ್ಳುತ್ತಾರೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್, ನಮ್ಮ ಬಾಯಲ್ಲಿ ನೆಟ್ಟಣ, 55 ಕಿ.ಮೀ. ಅಷ್ಟರಲ್ಲಿ 57 ಸುರಂಗ, 109 ಸೇತುವೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ, ಅಂಥ ಇಳಿಜಾರು. ಎರಡೂವರೆ ಗಂಟೆಯ ಹತ್ತಿರ ಹಿಡಿಯುತ್ತದೆ. ನಿಧಾನ ಅಂತ ಬೈಯುವವರಿಗೆ ಒಂದೇ ಮಾತು, ಆ ಗುಡ್ಡದಲ್ಲಿ ಅದಕ್ಕಿಂತ ಜೋರಾಗಿ ಹೋಗಬಾರದು.

ಸುರಂಗದೊಳಗೆ ಹೊಕ್ಕಾಗ ಒದ್ದೆ ಕಲ್ಲಿನ ವಾಸನೆ, ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುವುದು, ಹೊರಗೆ ಬಂದ ಕೂಡಲೇ ಕಣ್ಣು ಕುಕ್ಕುವ ಬೆಳಕು, ಕೆಳಗೆ ಆಳದಲ್ಲಿ ಹೊಳೆ, ಮತ್ತೆ ಕತ್ತಲು. ಕಿಟಕಿಯ ಕಂಬಿ ತಣ್ಣಗಾಗಿ ಕೈಗೆ ನೀರು ಹತ್ತುತ್ತಿತ್ತು. ಕುಸಿದಿದ್ದ ಜಾಗ ಬಂದಾಗ ಗಾಡಿ ಇನ್ನೂ ನಿಧಾನ ಆಯಿತು. ಅಲ್ಲಿ ನೋಡಿದ್ದನ್ನು ಹೇಳಲೇಬೇಕು. ಕೆಳಗೆ ಸಾಲು ಸಾಲಾಗಿ ಕಲ್ಲು ತುಂಬಿದ ತಂತಿ ಬಲೆಯ ಪೆಟ್ಟಿಗೆಗಳು, ಒಂದರ ಮೇಲೊಂದು, ಮರಳಿನ ಚೀಲಗಳು, ಸುತ್ತ ಹಸಿ ಕೆಂಪು ಮಣ್ಣು. ಹಳಿಯ ಪಕ್ಕ ಒಬ್ಬರು ಗ್ಯಾಂಗ್‌ಮನ್ ಹಸಿರು ಬಾವುಟ ಹಿಡಿದು ನಿಂತಿದ್ದರು. ಕಾಲಲ್ಲಿ ಮೊಣಕಾಲಿನವರೆಗೆ ಗಂಬೂಟು, ಅದರ ಮೇಲಂಚಿಗೆ ಪೂರ್ತಿ ಉಪ್ಪಿನ ಪುಡಿ, ರಕ್ತ ಹೀರುವ ಉಂಬಳ ಹತ್ತದಿರಲಿ ಅಂತ. ಮಳೆಗಾಲದಲ್ಲಿ ಹಗಲು ರಾತ್ರಿ ಇವರು ಹಳಿಯ ಮೇಲೆ ನಡೆದು ನೋಡುವುದರಿಂದಲೇ ಈ ರೈಲು ಓಡುತ್ತದೆ. ಐದು ಸ್ಟಾರು ಕೊಡುವುದಿದ್ದರೆ ನಾನು ಮೊದಲು ಕೊಡುವುದು ಅವರಿಗೆ.

ಇನ್ನು ನಮ್ಮ ಬೋಗಿಯ ಮಾತುಕತೆ. ಕಣಿವೆಯ ಆಚೆ ಅಲ್ಲಲ್ಲಿ ಹೆದ್ದಾರಿ ಕಂಡಾಗ ಶುರುವಾಗಿದ್ದು ನೆಟ್ಟಣ ಬರುವವರೆಗೂ ನಿಲ್ಲಲಿಲ್ಲ.

ಮಂಗಳೂರಿನ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. "ಆರು ಪಥದ ರಸ್ತೆ ಆದ್ರೆ ನಾಲ್ಕು ಗಂಟೆಯಲ್ಲಿ ಮನೆ ಮಾರಾಯ್ರೆ. ಕಂಪನಿಗಳು ಮಂಗಳೂರಿಗೆ ಬರದೇ ಇರೋದು ಈ ಘಾಟಿಯಿಂದಲೇ" ಅಂದ. ಅವನ ಮಾತು ಸುಳ್ಳಲ್ಲ. ಪಣಂಬೂರಿನಲ್ಲಿ ಬಂದರು ಇದೆ, ಅಲ್ಲಿಂದ ಘಟ್ಟದ ಮೇಲಕ್ಕೆ ಬರುವ ಎಷ್ಟೋ ಸಾಮಾನು ಈ ಎರಡು ಪಥದ ರಸ್ತೆಯಲ್ಲೇ ಬರಬೇಕು. ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತರೆ ಸಾಕು, ಹಿಂದೆ ಎರಡು ಜಿಲ್ಲೆ ನಿಲ್ಲುತ್ತದೆ.

ನೆಲ್ಯಾಡಿ ಕಡೆಯ ಒಬ್ಬರು ಅಕ್ಕ ಇದ್ದರು. ಹೆದ್ದಾರಿ ಬದಿಯಲ್ಲಿ ಲಾರಿಯವರಿಗೆ ಊಟ ಹಾಕುವ ಸಣ್ಣ ಹೋಟೆಲು. "ರಸ್ತೆ ಬಂದ್ ಆದ್ರೆ ನಮ್ಮ ಒಲೆಯೂ ಬಂದ್" ಅಂದರು. ಅಗಲ ಮಾಡುತ್ತಾರೆ ಅಂದರೆ ಅದಕ್ಕೂ ಹೆದರಿಕೆ, ಯಾಕೆಂದರೆ ಅಂಗಡಿ ಇರುವುದೇ ರಸ್ತೆಯ ಅಂಚಿನಲ್ಲಿ. ಅದರ ಬದಲು ರಸ್ತೆಗೇ ಸುರಂಗ ಆದರೆ ಲಾರಿ ನಿಲ್ಲುವುದೇ ಇಲ್ಲ. "ನಮ್ಮನ್ನು ಯಾರು ಕೇಳ್ತಾರೆ ಹೇಳಿ? ಸರ್ವೆ ಕಲ್ಲು ಹಾಕಿದ ಮೇಲೆಯೇ ನಮಗೆ ಗೊತ್ತಾಗೋದು." ಈ ಮಾತು ನನಗೆ ತಾಗಿತು. ಸಭೆ, ವರದಿ, ಹೇಳಿಕೆ ಎಲ್ಲ ಊರಿನ ಹೊರಗೆ ನಡೆಯುತ್ತದೆ, ಒಲೆ ಆರುವುದು ಮಾತ್ರ ಊರಿನಲ್ಲಿ.

ಸಕಲೇಶಪುರದಲ್ಲಿ ಹತ್ತಿದ ಹಿರಿಯರೊಬ್ಬರು, ಕಾಫಿ ಬೆಳೆಗಾರರು, ಹೆಂಡತಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು. ಅವರಿಗೆ ರಸ್ತೆ ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ. ಆದರೂ ಹೇಳಿದರು, "ರಸ್ತೆ ಬೇಡ ಅಂತಲ್ಲ ಕಣಮ್ಮ. ಗುಡ್ಡಾನ ಗೋಡೆ ಥರ ಕಡಿದರೆ ನಿಲ್ಲತ್ತಾ? ನಾವು ತೋಟದಲ್ಲಿ ಒಂದು ಕಾಲುದಾರಿ ಮಾಡಬೇಕಾದ್ರೂ ಮೊದಲು ನೀರು ಎಲ್ಲಿ ಹರಿಯತ್ತೆ ಅಂತ ನೋಡ್ತೀವಿ. ಚರಂಡಿ ತೆಗೆದು ಆಮೇಲೆ ದಾರಿ."

ಇಷ್ಟು ಸರಳವಾಗಿ ಈ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ. ಗುಡ್ಡದ ಮೇಲಿನ ಮಣ್ಣಿಗೂ ಕೆಳಗಿನ ಬಂಡೆಗೂ ನಡುವೆ ನೀರು ಇಳಿಯುತ್ತದೆ. ಇಳಿಜಾರು ತನ್ನ ಪಾಡಿಗೆ ಇದ್ದರೆ, ಮೇಲೆ ಮರ ಇದ್ದರೆ, ಅದು ಹೇಗೋ ನಿಲ್ಲುತ್ತದೆ. ಬುಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದರೆ ಆ ಮಣ್ಣಿಗೆ ಆಸರೆ ಇಲ್ಲ. ಇದರ ಮೇಲೆ ಈಗ ಮಳೆಯ ರೀತಿಯೂ ಬದಲಾಗಿದೆ. ಅರಬ್ಬಿ ಸಮುದ್ರ ಮೊದಲಿಗಿಂತ ಬಿಸಿಯಾಗಿದೆ, ಬಿಸಿ ಗಾಳಿ ಜಾಸ್ತಿ ನೀರು ಹೊತ್ತು ತರುತ್ತದೆ, ತಿಂಗಳಿಡೀ ಜಿಟಿಜಿಟಿ ಬರಬೇಕಾದದ್ದು ನಾಲ್ಕೈದು ದಿನದಲ್ಲಿ ಸುರಿದು ಹೋಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲೂ ಆಟಿ ತಿಂಗಳ ಮಳೆ ಜೋರೇ ಇತ್ತು, ಅದು ಗೊತ್ತು. ಆದರೆ 2018ರಿಂದ ಈಚೆಗೆ ಗುಡ್ಡ ಕುಸಿದ ಜಾಗಗಳನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಕೊಡಗು, ಮಡಿಕೇರಿ–ಸಂಪಾಜೆ ರಸ್ತೆ. 2019ರಲ್ಲಿ ಚಾರ್ಮಾಡಿ. 2020ರಲ್ಲಿ ತಲಕಾವೇರಿ. ಆಮೇಲೆ ನಮ್ಮ ಶಿರಾಡಿ ದಾರಿಯ ದೋಣಿಗಾಲ್. 2024ರಲ್ಲಿ ಶಿರೂರು, ದೊಡ್ಡತಪ್ಲು, ಎಡಕುಮೇರಿ. ಹೀಗೆ ಪ್ರತಿ ಮಳೆಗಾಲಕ್ಕೂ ಒಂದು ಊರಿನ ಹೆಸರು ಬರುತ್ತಿದ್ದರೆ ಅದನ್ನು ಆಕಸ್ಮಿಕ ಅಂತ ಎಷ್ಟು ದಿನ ಕರೆಯುವುದು?

ಶಿರಾಡಿಯದ್ದೇ ಚರಿತ್ರೆ ನೋಡಿ. ಘಾಟಿಯ 26 ಕಿ.ಮೀ.ಗೆ ಕಾಂಕ್ರೀಟ್ ಹಾಕಿದ್ದು ಎರಡು ಹಂತದಲ್ಲಿ, 2015ರಲ್ಲಿ ಅರ್ಧ, 2018ರಲ್ಲಿ ಉಳಿದದ್ದು. ಎರಡು ಸಲವೂ ತಿಂಗಳುಗಟ್ಟಲೆ ರಸ್ತೆ ಬಂದ್. 2018ರ ಜುಲೈ ಮಧ್ಯಕ್ಕೆ ಹೊಸ ರಸ್ತೆ ಅಂತ ಬಿಟ್ಟರು, ನಾವೆಲ್ಲ ಖುಷಿಪಟ್ಟೆವು, ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಬಂದ್. ಕಾಂಕ್ರೀಟು ಚೆನ್ನಾಗಿಯೇ ಇತ್ತು. ಜಾರಿದ್ದು ಅದರ ಪಕ್ಕದ ನೆಲ. ರಸ್ತೆಯನ್ನು ಎಷ್ಟೇ ಗಟ್ಟಿ ಮಾಡಿ, ಎಷ್ಟೇ ಅಗಲ ಮಾಡಿ, ಅದು ಕೂತಿರುವುದು ಗುಡ್ಡದ ಮೇಲೆ ಅಲ್ವಾ?

ಸುರಂಗ ಮಾಡಿದರೆ ಗುಡ್ಡ ಕಡಿಯುವುದು ತಪ್ಪುತ್ತದೆ ಅನ್ನುವ ವಾದ ಇದೆ. ಸುರಂಗ, ಸೇತುವೆ ಸೇರಿ ಸುಮಾರು 23 ಕಿ.ಮೀ. ಬೈಪಾಸು, 10 ಸಾವಿರ ಕೋಟಿ ರೂಪಾಯಿ ಖರ್ಚು ಅಂತ ಹಿಂದೆಯೇ ಲೆಕ್ಕ ಬಂದಿತ್ತು. ಕಡಿಯುವುದಕ್ಕಿಂತ ಸುರಂಗ ವಾಸಿ ಇರಬಹುದು. ಆದರೆ ಅಷ್ಟು ಕಲ್ಲು ಮಣ್ಣನ್ನು ತೆಗೆದು ಎಲ್ಲಿ ಹಾಕುತ್ತಾರೆ? ಎಷ್ಟು ವರ್ಷ ಸಿಡಿಮದ್ದು ಸಿಡಿಯುತ್ತದೆ? ಹೊಳೆಗೆ ಏನಾಗುತ್ತದೆ? ಇದನ್ನು ಕೇಳಿದರೆ ಅಭಿವೃದ್ಧಿಯ ವಿರೋಧಿ ಅನ್ನುತ್ತಾರೆ. ಪಶ್ಚಿಮ ಘಟ್ಟವನ್ನು ಹೇಗೆ ಉಳಿಸಬೇಕು ಅಂತ 2011ರಲ್ಲಿ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ಸಡಿಲ ಮಾಡಿ ಇನ್ನೊಂದು ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನೂ ಬೇಡ ಅಂತು. ತೋಟ ಇರುವವರ ಹೆದರಿಕೆ ನನಗೆ ಅರ್ಥ ಆಗುತ್ತದೆ, ನಮ್ಮದೂ ಅಡಿಕೆ ತೋಟವೇ. ಮನೆಗೆ ಒಂದು ಕೊಟ್ಟಿಗೆ ಕಟ್ಟಲೂ ಅನುಮತಿ ಕೇಳಬೇಕಾದೀತು ಅನ್ನುವ ಭಯ ನಮ್ಮ ಊರಿನಲ್ಲೂ ಇದೆ. ಅದನ್ನು ಕೂತು ಮಾತಾಡಿ ಬಗೆಹರಿಸಬೇಕಿತ್ತು.

ನೀರಿನ ಮಾತು ಯಾಕೆ ಎತ್ತಿದೆ ಅಂದರೆ, ಘಾಟಿಯ ಪಕ್ಕದಲ್ಲಿ ಹರಿಯುವ ಕೆಂಪುಹೊಳೆ ಗುಂಡ್ಯ ಹೊಳೆಗೆ ಸೇರುತ್ತದೆ, ಅದು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಮಂಗಳೂರಿಗೆ ಕುಡಿಯುವ ನೀರು ಹೋಗುವುದು ತುಂಬೆಯ ಅಣೆಕಟ್ಟಿನಿಂದ, ಅದೇ ನೇತ್ರಾವತಿ. 2016ರಲ್ಲಿ, 2019ರಲ್ಲಿ ಮಂಗಳೂರಿಗೆ ದಿನ ಬಿಟ್ಟು ನೀರು ಬಿಟ್ಟಿದ್ದು ಅಲ್ಲಿನವರಿಗೆ ನೆನಪಿದೆ. ಆ ಹುಡುಗನಿಗೆ ಇದನ್ನು ಹೇಳಿದೆ. ಅವನ ಅಮ್ಮ ಆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದಿದ್ದನ್ನು ಅವನೇ ಹೇಳಿದ, ಆಮೇಲೆ ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತಾ ಕೂತ. ನನ್ನ ಮಾತಿಗೆ ಒಪ್ಪಿದ ಅಂತಲ್ಲ. "ಹಾಗಾದ್ರೆ ನಾವು ಮಾಡುವುದೇನು, ಹೀಗೇ ಇರುವುದಾ?" ಅಂತ ಕೇಳಿದ.

ಸರಿಯಾದ ಪ್ರಶ್ನೆ. ನನ್ನ ಉತ್ತರ ನಾವು ಕೂತಿದ್ದ ರೈಲೇ. ಅದಕ್ಕೆ ಈ ವಿಮರ್ಶೆ.

ಈ ಹಳಿ ಹೊಸದಲ್ಲ. 1979ರಲ್ಲಿ ಮೀಟರ್‌ಗೇಜ್, ಅಂದರೆ ಕಿರಿದಾದ ಹಳಿಯಾಗಿ ಶುರುವಾಯಿತು. 1996ರಲ್ಲಿ ಅಗಲದ ಬ್ರಾಡ್‌ಗೇಜ್ ಮಾಡುತ್ತೇವೆ ಅಂತ ನಿಲ್ಲಿಸಿದವರು ಪ್ಯಾಸೆಂಜರ್ ರೈಲು ಮತ್ತೆ ಬಿಟ್ಟಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಒಂದು ತಲೆಮಾರು ರೈಲನ್ನು ಮರೆತು ಬಸ್ಸಿಗೆ ಒಗ್ಗಿತು. ರೈಲು ಮಾಡಲೂ ಕಾಡು ಕಡಿದಿದ್ದಾರೆ, ಗುಡ್ಡ ಕೊರೆದಿದ್ದಾರೆ, ಅದೂ ಕುಸಿಯುತ್ತದೆ, 2024ರ ಜುಲೈಯಲ್ಲೇ ಕುಸಿಯಿತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಗಾಯ ಆಗಿ ಹೋಗಿದೆ. ಆಗಿರುವ ದಾರಿಯನ್ನು ಪೂರ್ತಿ ಬಳಸದೆ ಪಕ್ಕದಲ್ಲೇ ಇನ್ನೊಂದು ಗಾಯ ಯಾಕೆ? ಒಂದು ರೈಲಿನಲ್ಲಿ ಎಷ್ಟು ಬಸ್ಸಿನ ಜನ ಹಿಡಿಸುತ್ತಾರೆ ಲೆಕ್ಕ ಹಾಕಿ.

ಸರಕಿನದ್ದೂ ಹಾಗೇ. ಮಂಗಳೂರಿನಿಂದ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಪೆಟ್ರೋಲು ಡೀಸೆಲು ಹೋಗಲು ಇಪ್ಪತ್ತು ವರ್ಷದಿಂದ ಪೈಪ್‌ಲೈನೇ ಇದೆ. ಅದು ಇರದಿದ್ದರೆ ಈ ಘಾಟಿಯಲ್ಲಿ ಇನ್ನೂ ಎಷ್ಟು ಟ್ಯಾಂಕರು ಇರುತ್ತಿದ್ದವು ಯೋಚಿಸಿ. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಒಯ್ಯುತ್ತಿದ್ದಾರೆ, ಸುರತ್ಕಲ್ಲಿನಲ್ಲಿ ಹತ್ತಿದ ಲಾರಿ ಮಹಾರಾಷ್ಟ್ರದ ಕೊಲಾಡಿನಲ್ಲಿ ಇಳಿಯುತ್ತದೆ. ನಮ್ಮ ಘಾಟಿಯ ಏರಿನಲ್ಲಿ ಅದು ಅಷ್ಟು ಸುಲಭ ಅಲ್ಲ. ಆದರೆ ಕಂಟೇನರು, ಗೊಬ್ಬರ, ಎಣ್ಣೆ ಇಂಥದ್ದನ್ನು ರೈಲಿಗೆ ಹಾಕಲು ಏನು ಬೇಕು ಅಂತ ಕೇಳಿದರೆ ಅದು ಹೆದ್ದಾರಿಯ ಚರ್ಚೆಯಲ್ಲೇ ಬರಬೇಕು, ಬೇರೆ ಇಲಾಖೆಯ ವಿಷಯ ಅಂತ ಬದಿಗಿಡಬಾರದು.

ರಸ್ತೆಗೆ ಖರ್ಚೇ ಮಾಡಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಹಾಸನದ ಕಡೆ ಸಮತಟ್ಟು ಜಾಗದಲ್ಲಿ ನಾಲ್ಕು ಪಥ ಮಾಡಲಿ. ಘಾಟಿಯೊಳಗೆ ಇರುವ ಎರಡು ಪಥವನ್ನೇ ಉಳಿಸಿಕೊಳ್ಳಲಿ: ನೆಟ್ಟಗೆ ಕಡಿದ ಜಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿ ಮಾಡಿ, ನೀರಿಗೆ ದಾರಿ ಮಾಡಿ, ಮಳೆಗಾಲಕ್ಕೆ ಮೊದಲು ಮೋರಿಗಳನ್ನು ಬಿಡಿಸಿ, ಕೆಟ್ಟ ಲಾರಿ ಎಳೆಯಲು ಘಾಟಿಯ ಎರಡೂ ಕಡೆ ಕ್ರೇನ್ ಇಡಲಿ. ಆಂಬುಲೆನ್ಸಿಗೆ ಬೇಕಾಗಿರುವುದು ಮಳೆಗಾಲದಲ್ಲೂ ತೆರೆದಿರುವ ರಸ್ತೆ. ಅದು ಆರು ಪಥ ಇದ್ದು ಮಣ್ಣಿನಡಿ ಇದ್ದರೆ ಪ್ರಯೋಜನ ಇಲ್ಲ. ಇದನ್ನು ಹೇಳಿದಾಗ ಆಸ್ಪತ್ರೆಗೆ ಹೊರಟಿದ್ದ ಆ ಅಮ್ಮ, ಅಲ್ಲಿವರೆಗೆ ಒಂದು ಮಾತೂ ಆಡದವರು, "ನಂಗೆ ಹದಿನೈದು ದಿನಕ್ಕೊಮ್ಮೆ ಹೋಗಲೇಬೇಕು ಮಗಾ, ಯಾವುದಾದರೊಂದು ತೆರೆದಿರಲಿ" ಅಂದರು.

ನೆಟ್ಟಣದಲ್ಲಿ ಇಳಿದು ಚಾ ಕುಡಿದೆ. ಘಟ್ಟದ ತಂಪು ಮುಗಿದು ಬೆವರು ಶುರು. ಆಮೇಲೆ ಎಡಮಂಗಲ, ಕಾಣಿಯೂರು, ಅಡಿಕೆ ತೋಟದ ನಡುವೆ ಗಾಡಿ ಓಡುತ್ತದೆ. ಕಬಕ ಪುತ್ತೂರಿನಲ್ಲಿ ಇಳಿದಾಗ ಬೆನ್ನು ಸ್ವಲ್ಪ ನೋಯುತ್ತಿತ್ತು, ಅಷ್ಟೇ. ಹೆದರಿಕೆ ಇಲ್ಲದೆ ಘಾಟಿ ಇಳಿದು ಎಷ್ಟು ಕಾಲ ಆಗಿತ್ತೋ.

ಹೋಗುವವರಿಗೆ ಒಂದೆರಡು ಮಾತು. ಮಳೆ ಮುಗಿದ ಕೂಡಲೇ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಹೋಗಿ, ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ. ಎರಡೂ ಬದಿ ಚೆನ್ನಾಗಿದೆ, ಈ ಕಿಟಕಿಯೇ ಬೇಕು ಅಂತ ಜಗಳ ಬೇಡ. ಬಾಗಿಲಲ್ಲಿ ನಿಂತು ರೀಲ್ಸ್ ಮಾಡಬೇಡಿ, ಸುರಂಗದ ಗೋಡೆ ತುಂಬಾ ಹತ್ತಿರ ಇರುತ್ತದೆ. ಹಿಂದೆ ಹಳಿಯ ಮೇಲೆ ಚಾರಣಕ್ಕೆ ಹೋಗುತ್ತಿದ್ದರು, ಈಗ ಅದಕ್ಕೆ ಅವಕಾಶ ಇಲ್ಲ. ತಿಂದ ಪೊಟ್ಟಣ, ಬಾಟಲಿ ಕಿಟಕಿಯಿಂದ ಎಸೆಯಬೇಡಿ, ಕೆಳಗೆ ಆನೆ ಓಡಾಡುವ ಜಾಗ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಸ್ಟಾರು ಯಾಕೆ ಇಟ್ಟುಕೊಂಡೆ ಅಂದರೆ, ಹಬ್ಬ ಮುಗಿಸಿ ವಾಪಸ್ ಬರಲು ನೋಡಿದಾಗ ಹಗಲು ರೈಲಿನಲ್ಲಿ ಒಂದೂ ಸೀಟು ಇರಲಿಲ್ಲ, ರಾತ್ರಿಯದ್ದರಲ್ಲೂ ಇರಲಿಲ್ಲ. ಇಷ್ಟು ಜನ ರೈಲಿಗೆ ಕಾಯುತ್ತಿದ್ದಾರೆ. ಕೊನೆಗೆ ಬಸ್ಸಿನಲ್ಲೇ ಬಂದೆ. ಭಾವ ಬಸ್ ಸ್ಟ್ಯಾಂಡಿಗೆ ಬಿಡಲು ಬಂದಿದ್ದರು. ಘಾಟಿಯ ಕೆಳಗೆ ಗುಂಡ್ಯ ದಾಟಿದಾಗ ಮೆಸೇಜ್ ಹಾಕು, ಮೇಲೆ ಮಾರನಹಳ್ಳಿ ದಾಟಿದಾಗ ಇನ್ನೊಂದು ಹಾಕು, ನಾವು ಮಲಗಿರುವುದಿಲ್ಲ ಅಂದರು.